ಮೊಳೆ ಹೊಡೆದ ಸಿಂಹಾಸನಗಳು

ಕುರ್ಚಿಗೆ ಕುಶನ್ ಹಾಕುವ ಕೆಲಸದಲ್ಲಿ ನನ್ನನ್ನು ಮೀರಿಸುವವರು ಈ ಬೀದಿಯಲ್ಲಿ ಇಲ್ಲ. ಪಕ್ಕದ ಬೀದಿಯಲ್ಲಿ ಒಬ್ಬನಿದ್ದಾನೆ, ಅವನೂ ನನ್ನ ಹತ್ತಿರವೇ ಕಲಿತವನು. ಇದನ್ನು ನಾನು ಜಂಬಕ್ಕೆ ಹೇಳುತ್ತಿಲ್ಲ. ಜಂಬಕ್ಕೇ ಹೇಳುತ್ತಿದ್ದೇನೆ ಎಂದುಕೊಂಡರೂ ನನಗೇನೂ ಬೇಜಾರಿಲ್ಲ. ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಶಟರ್ ಎತ್ತಿದರೆ ಅಂಗಡಿ, ಇಳಿಸಿದರೆ ಮನೆ. ಅಲ್ಲಿ ಒಂದು ಮೋಟು ಸ್ಟೂಲಿನ ಮೇಲೆ ಕೂತು, ಬಾಯ್ತುಂಬ ಮೊಳೆ ಇಟ್ಟುಕೊಂಡು, ಒಂದೊಂದನ್ನೇ ತುಟಿಗೆ ತಂದು ಸುತ್ತಿಗೆಗೆ ಕೊಡುತ್ತಾ ನನ್ನ ಮಗನನ್ನು ಸಾಕಿದೆ, ಅವನಿಗೆ ಮದುವೆ ಮಾಡಿದೆ. ಈಗ ಮಗ ಲಾರಿ ಓಡಿಸಿಕೊಂಡು ವಾರಗಟ್ಟಲೆ ಹೊರಗಿರುತ್ತಾನೆ. ಮನೆಯಲ್ಲಿ ನಾನು, ಸೊಸೆ, ಮೊಮ್ಮಗಳು.

ಮೊಮ್ಮಗಳನ್ನು ನಾವು ಗುಂಡಿ ಎಂದು ಕರೆಯುತ್ತೇವೆ. ಅಂಬೆಗಾಲಿಡುವಾಗ ಸೋಫಾದ ಗುಂಡಿಯೊಂದನ್ನು ನುಂಗಿ ಮನೆಮಂದಿಗೆಲ್ಲ ನೀರು ಕುಡಿಸಿದ್ದಳು. ಈ ವರ್ಷ ಅವಳನ್ನು ಹೊಸ ಶಾಲೆಗೆ ಸೇರಿಸಿದ್ದೆವು. ಮನೆಯಲ್ಲಿ ಅರಳು ಹುರಿದಂತೆ ಮಾತಾಡುವ ಹುಡುಗಿ ಶಾಲೆಯ ವಿಷಯ ಕೇಳಿದರೆ ಮಾತ್ರ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದಳು. ಅಲ್ಲಿ ಅವಳಿಗೆ ಇನ್ನೂ ಯಾರೂ ಜೊತೆಯಾಗಿಲ್ಲ ಎಂದು ನನಗೆ ಗೊತ್ತಾಗಿತ್ತು. ಕೇಳಿ ಕೆದಕಲಿಲ್ಲ.

ಒಂದು ಸಂಜೆ ಬಂದವಳೇ ಬ್ಯಾಗನ್ನು ಮೂಲೆಗೆಸೆದು ನನ್ನ ಮಗ್ಗುಲಿಗೆ ಕೂತಳು.

"ಅಜ್ಜಿ, ನಾನೊಂದು ಮಾತು ಹೇಳ್ಬಿಟ್ಟಿದೀನಿ."

"ಯಾರಿಗೆ? ಏನಂತ?"

"ಕ್ಲಾಸಲ್ಲಿ. ನನ್ನ ಹುಟ್ಟುಹಬ್ಬಕ್ಕೆ ರಾಣಿಯರ ಪಾರ್ಟಿ ಅಂತ. ನಮ್ಮನೇಲಿ ಬಂದೋರಿಗೆಲ್ಲ ಒಂದೊಂದು ಸಿಂಹಾಸನ ಇದೆ ಅಂತ."

ಆಗ ಮೊಳೆ ಬಾಯಲ್ಲಿದ್ದಿದ್ದರೆ ನಾನೂ ನುಂಗಿಬಿಡುತ್ತಿದ್ದೆ.

ಆದದ್ದಿಷ್ಟು. ಅವಳ ಕ್ಲಾಸಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳಿದ್ದಾಳೆ. ಅವಳು ಹೇಳಿದ್ದೇ ಅಲ್ಲಿ ಕಾನೂನು. ಅವಳ ಹುಟ್ಟುಹಬ್ಬಕ್ಕೆ ದೊಡ್ಡ ಹಾಲ್ ಹಿಡಿದು, ಜಾದೂಗಾರನನ್ನೂ ಕರೆಸಿದ್ದರಂತೆ. ಆ ದಿನ ಅವಳು ಮೊದಲ ಸಲ ಗುಂಡಿಯ ಕಡೆ ತಿರುಗಿ, "ನಿಮ್ಮನೇಲಿ ಏನು ಮಾಡ್ತಾರೆ?" ಎಂದು ಕೇಳಿದ್ದಾಳೆ. ಅಷ್ಟು ದಿನ ಯಾರೂ ಏನೂ ಕೇಳದೆ ಒಣಗಿದ್ದ ಹುಡುಗಿಗೆ ತಡೆಯಲಾಗಿಲ್ಲ. ಬಾಯಿಗೆ ಬಂದದ್ದು ಹೊರಬಿದ್ದಿದೆ. "ಸುಳ್ಳಿ! ಬಂದು ನೋಡ್ತೀವಿ, ತಡಿ" ಎಂದಳಂತೆ ಎರಡು ಜಡೆಯವಳು. ಐದು ಜನ ಹುಡುಗಿಯರು ಬರುವುದೆಂದು ಅಲ್ಲೇ ತೀರ್ಮಾನವೂ ಆಗಿತ್ತು.

ಸೊಸೆ ಅಡುಗೆಮನೆಯಿಂದಲೇ ರೇಗಿದಳು. "ಇದ್ದಿದ್ದು ಇದ್ದ ಹಾಗೆ ಹೇಳೋಕೆ ಏನಾಗಿತ್ತು ನಿಂಗೆ? ಅತ್ತೆ, ನೀವೂ ಸುಮ್ಮನೆ ನಗಬೇಡಿ. ಹಾಲ್ ಹಿಡಿಯೋಕೆ ನಮ್ಮ ಹತ್ರ ಏನಿದೆ?"

ಸೊಸೆ ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ನಾನು ಗುಂಡಿಯ ಮುಖ ನೋಡಿದೆ. ಸುಳ್ಳಿ ಎನ್ನುವ ಹೆಸರು ಒಮ್ಮೆ ಅಂಟಿಕೊಂಡರೆ ನನ್ನ ಅಂಗಡಿಯ ಗೋಂದಿಗಿಂತ ಗಟ್ಟಿ; ಶಾಲೆ ಬಿಡುವ ತನಕ ಬಿಡುವುದಿಲ್ಲ.

"ದುಡ್ಡು ಸುರಿಯೋಕೆ ನಮ್ಮ ಹತ್ರ ಇಲ್ಲ ಕಣೇ. ಬಟ್ಟೆ ತುಂಡು ಸುರಿಯೋಕೆ ಎಷ್ಟು ಬೇಕು ಹೇಳು," ಎಂದೆ ಸೊಸೆಗೆ. "ಸಿಂಹಾಸನ ಮಾಡೋದು ನನಗೆ ಬಿಡು. ಕೇಕು ನಿಂದು."

ಅಟ್ಟದ ಮೇಲೆ ನಾಲ್ಕು ಗೋಣಿಚೀಲದಷ್ಟು ಮಖಮಲ್ಲಿನ ತುಂಡುಗಳಿದ್ದವು. ಯಾರದೋ ಸೋಫಾದ್ದು, ಯಾವುದೋ ನಾಟಕದ ಪರದೆಯದು. ಇನ್ನು ಬೇಕಾದದ್ದು ಕುರ್ಚಿ. ಅಂಗಡಿಯಲ್ಲಿ ಸರಿಯಾಗಿ ಆರು ಕುರ್ಚಿಗಳು ಬರಿಮೈಯಲ್ಲಿ ನಿಂತಿದ್ದವು. ಹಲ್ಲಿನ ಡಾಕ್ಟರಮ್ಮ ತಮ್ಮ ಕ್ಲಿನಿಕ್ಕಿನಲ್ಲಿ ಕಾಯುವವರಿಗೆಂದು ಇಟ್ಟಿದ್ದ ಹಳೆಯ ಮರದ ಕುರ್ಚಿಗಳವು. ಹಳೇ ಹೊದಿಕೆ ಕಿತ್ತು ಬೂದು ಬಣ್ಣದ ರೆಕ್ಸಿನ್ ಹಾಕಿಕೊಡಬೇಕು ಎಂದು ಕಳಿಸಿದ್ದರು. ವಾಪಸ್ ಕೊಡಬೇಕಾದದ್ದು ಪಾರ್ಟಿ ಮುಗಿದ ಮೇಲೆ, ವಾರದ ಕೊನೆಗೆ. ಐದು ಜನ ಹುಡುಗಿಯರು, ಗುಂಡಿ ಸೇರಿ ಆರು. ಹೇಳಿ ಮಾಡಿಸಿದ ಹಾಗಿತ್ತು. ಮಖಮಲ್ಲನ್ನು ದಾರದಲ್ಲಿ ಕಟ್ಟುವುದು, ಪಾರ್ಟಿ ಮುಗಿದ ಕೂಡಲೇ ಬಿಚ್ಚುವುದು, ಆಮೇಲೆ ರೆಕ್ಸಿನ್. ಯಾರಿಗೂ ನಷ್ಟವಿಲ್ಲ.

ಪಾರ್ಟಿಯ ಹಿಂದಿನ ಮಧ್ಯಾಹ್ನ ಕೆಲಸಕ್ಕೆ ಕೂತೆ. ಸೊಸೆ ಫ್ರಿಜ್ಜಿನ ರಟ್ಟಿನ ಪೆಟ್ಟಿಗೆ ಕತ್ತರಿಸಿ ಸಿಂಹಾಸನದ ಬೆನ್ನಿಗೆ ಕಮಾನು ಮಾಡುತ್ತಿದ್ದಳು. ಗುಂಡಿ ಚಿನ್ನದ ಬಣ್ಣದ ಲೇಸನ್ನು ರಟ್ಟಿಗೆ ಅಂಟಿಸಿ ಕಿರೀಟ ಮಾಡುತ್ತಿದ್ದಳು. ನಾನು ಮೊದಲ ಕುರ್ಚಿಗೆ ಕೆಂಪು ಮಖಮಲ್ ಎಳೆದೆ. ಮೂಲೆ ಮಡಿಸಿದೆ. ಎಂಥ ಸೊಗಸಾಗಿ ಕೂತಿತು ಎಂದರೆ, ನನ್ನ ಕೈ ನನ್ನ ಮಾತು ಕೇಳಲಿಲ್ಲ. ಎಳೆದ ಬಟ್ಟೆ ಸಡಿಲವಾಗಿದ್ದರೆ ಈ ಕೈಗೆ ನವೆ ಹತ್ತುತ್ತದೆ. ಎರಡನೆಯದಕ್ಕೆ ಹಸಿರು, ಮೂರನೆಯದಕ್ಕೆ ಸಾಸಿವೆ ಬಣ್ಣ. ನಾನು ಗುನುಗುತ್ತಾ ಹೋದೆ.

"ಅತ್ತೆ, ದಾರ ಕಟ್ಟೋದು ಅಂದಿದ್ರಲ್ವಾ?" ಎಂದು ಸೊಸೆ ಕೇಳಿದಳು. ನಾನು "ಊಂ" ಎಂದೆ. ಬಾಯ್ತುಂಬ ಮೊಳೆ ಇಟ್ಟುಕೊಂಡವಳು ಇನ್ನೇನು ಹೇಳಿಯಾಳು?

ಟೀ ಕುಡಿಯಲು ಮೊಳೆ ಉಗಿದಾಗಲೇ ನನಗೆ ಹೊಳೆದದ್ದು. ಆರೂ ಕುರ್ಚಿಗಳಿಗೆ ಮಖಮಲ್ಲನ್ನು ಬಿಗಿದು, ಒತ್ತೊತ್ತಾಗಿ ಮೊಳೆ ಹೊಡೆದು, ಅಂಚಿಗೆ ಪೈಪಿಂಗಿನ ಬಟ್ಟೆ ಪಟ್ಟಿ ಕೂಡ ಕೂರಿಸಿ ಮುಗಿಸಿಬಿಟ್ಟಿದ್ದೆ. ಮೊಳೆ ಕಿತ್ತರೆ ಆ ಹಳೇ ಮರದ ಅಂಚು ಪುಡಿಯಾಗುವುದು ಖಂಡಿತ. ಸೊಸೆ ಹಣೆ ಚಚ್ಚಿಕೊಂಡಳು.

"ಡಾಕ್ಟರಮ್ಮಂಗೆ ಏನು ಹೇಳ್ತೀರಿ ಈಗ?"

"ಅದು ಆಮೇಲಿನ ತಲೆನೋವು. ನಾಳೆ ಪಾರ್ಟಿ."

ಮರುದಿನ ಹುಡುಗಿಯರು ಬಂದರು. ಎರಡು ಜಡೆಯವಳು ಶಟರ್ ದಾಟಿದವಳೇ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಆರು ಸಿಂಹಾಸನಗಳು ಸಾಲಾಗಿ ನಿಂತಿದ್ದವು. ಒಂದೊಂದರ ಬೆನ್ನ ಮೇಲೂ ಕಮಾನು, ಸೀಟಿನ ಮೇಲೆ ಕಿರೀಟ. ಅವಳ ಕೈ ಸೊಂಟದಿಂದ ಜಾರಿತು. "ನನಗೆ ಕೆಂಪು!" ಎಂದು ಓಡಿದಳು. ಗುಂಡಿ ನನ್ನತ್ತ ನೋಡಿ ನಕ್ಕ ನಗೆ ಇದೆಯಲ್ಲ, ಅದಕ್ಕೆ ಇನ್ನೂ ನೂರು ಕುರ್ಚಿಗೆ ಮೊಳೆ ಹೊಡೆಯಲು ನಾನು ಸಿದ್ಧಳಿದ್ದೆ.

ಅಷ್ಟರಲ್ಲಿ ಒಂದು ಎಡವಟ್ಟಾಯಿತು. ಒಬ್ಬ ಹುಡುಗಿ ಹಟ ಮಾಡಿದ ತಂಗಿಯನ್ನೂ ಕೈಹಿಡಿದು ಕರೆತಂದಿದ್ದಳು. ಆ ಪುಟಾಣಿ ಸೀದಾ ಹೋಗಿ ಸಾಸಿವೆ ಬಣ್ಣದ ಸಿಂಹಾಸನ ಹತ್ತಿ ಕೂತುಬಿಟ್ಟಳು. ಅದು ಗುಂಡಿ ತನಗೆಂದು ಆರಿಸಿಟ್ಟುಕೊಂಡಿದ್ದದ್ದು. ನಾನು ಅವಳನ್ನು ಎಬ್ಬಿಸಲು ಹೋದೆ. ಗುಂಡಿ ನನ್ನ ಸೆರಗು ಹಿಡಿದೆಳೆದಳು.

"ಬೇಡ ಅಜ್ಜಿ. ಬಂದೋರಿಗೆಲ್ಲ ಒಂದೊಂದು ಅಂದಿದ್ದೆ. ಅವಳೂ ಬಂದಿದಾಳೆ."

ಹೇಳಿದವಳು ನನ್ನ ಮೋಟು ಸ್ಟೂಲನ್ನು ಎಳೆದುಕೊಂಡು ಸಾಲಿನ ಕೊನೆಗೆ ಕೂತಳು.

ಆಟ ಶುರುವಾಯಿತು. ಎಲ್ಲರೂ ರಾಣಿಯರೇ ಆದ್ದರಿಂದ ಪ್ರಜೆಗಳಿಗೆ ಬರ ಬಂತು. ಕೊನೆಗೆ ಇಡೀ ರಾಜ್ಯಕ್ಕೆ ನಾನೊಬ್ಬಳೇ ಪ್ರಜೆಯಾದೆ. ಒಬ್ಬ ರಾಣಿ ನನಗೆ ಶಿಕ್ಷೆ ಕೊಡುವುದು, ಇನ್ನೊಬ್ಬಳು ಕ್ಷಮಿಸುವುದು, ಮತ್ತೊಬ್ಬಳು ತೆರಿಗೆಯೆಂದು ಹಾಡು ಹೇಳಿಸುವುದು. ಸೊಸೆ ಕುಕ್ಕರಿನಲ್ಲಿ ಮಾಡಿದ ಕೇಕು ಒಂದು ಕಡೆ ವಾಲಿತ್ತು. ಅದನ್ನು ಶತ್ರುಗಳು ಮುತ್ತಿಗೆ ಹಾಕಿದ ಕೋಟೆ ಎಂದು ಘೋಷಿಸಿ ಎಲ್ಲರೂ ಚಿಂದಿ ಮಾಡಿ ತಿಂದರು.

ನಾವೆಲ್ಲ ಹೊಟ್ಟೆ ಹಿಡಿದು ನಗುತ್ತಿರುವಾಗ ನೋಡಿದರೆ, ಶಟರಿನ ಬಳಿ ಹಲ್ಲಿನ ಡಾಕ್ಟರಮ್ಮ ನಿಂತಿದ್ದರು.

"ಈ ದಾರಿಯಲ್ಲೇ ಹೋಗ್ತಿದ್ದೆ, ಕುರ್ಚಿ ಎಲ್ಲಿಗೆ ಬಂತು ಕೇಳೋಣ ಅಂತ..." ಎಂದವರು ಅಲ್ಲಿಗೇ ನಿಲ್ಲಿಸಿ ಸಾಲನ್ನು ದಿಟ್ಟಿಸಿದರು. "ಇವು ನನ್ನ ಕುರ್ಚಿಗಳಲ್ವಾ? ನಾನು ಬೂದು ಬಣ್ಣ ಅಂದಿದ್ದೆ!"

ಎರಡು ಜಡೆಯವಳು ಕಿರೀಟ ತೆಗೆದು ಕೈಯಲ್ಲಿ ಹಿಡಿದಳು. "ಹಾಗಾದ್ರೆ ಇವು ನಿಮ್ಮವಲ್ವಾ?" ಎಂದು ಗುಂಡಿಯನ್ನು ಕೇಳಿದಳು.

ನಾನು ಏನಾದರೊಂದು ಕಥೆ ಕಟ್ಟಲು ಬಾಯಿ ತೆರೆದೆ. ಕಥೆ ಕಟ್ಟುವುದರಲ್ಲೂ ನಾನೇನು ಕಡಿಮೆಯಿಲ್ಲ. ಆದರೆ ಗುಂಡಿ ಎದ್ದು ನಿಂತಿದ್ದಳು.

"ಅಲ್ಲ. ಡಾಕ್ಟರಮ್ಮಂದು. ನಮ್ಮನೇಲಿ ಸಿಂಹಾಸನ ಇದೆ ಅಂದಿದ್ದು ಸುಳ್ಳು. ಆದ್ರೆ ನಮ್ಮಜ್ಜಿ ಯಾವ ಕುರ್ಚೀನ ಬೇಕಾದ್ರೂ ಸಿಂಹಾಸನ ಮಾಡ್ತಾರೆ. ಅದು ಸುಳ್ಳಲ್ಲ. ನೀವೇ ಕೂತು ನೋಡಿದೀರಲ್ಲ."

ಎರಡು ಜಡೆಯವಳು ಕೆಂಪು ಸೀಟನ್ನು ಅಂಗೈಯಿಂದ ಒತ್ತಿ ನೋಡಿದಳು. ಆಮೇಲೆ ಕಿರೀಟವನ್ನು ಮತ್ತೆ ತಲೆಗಿಟ್ಟುಕೊಂಡಳು.

ಈಗ ಡಾಕ್ಟರಮ್ಮನ ಸರದಿ. ನಾನು ನಡೆದದ್ದನ್ನೆಲ್ಲ ಹೇಳಿ, "ಕೈ ತಪ್ಪಿ ಮೊಳೆ ಹೊಡೆದೆ. ಅಂಚಿಗೆ ಹೊಸ ಪಟ್ಟಿ ಕೂರಿಸಿ ಬೂದು ಬಣ್ಣವನ್ನೇ ಹಾಕಿಕೊಡ್ತೀನಿ. ನನ್ನ ಕೆಲಸ ನಿಮಗೆ ಗೊತ್ತಲ್ಲ," ಎಂದೆ. ಅವರ ಹುಬ್ಬು ಇನ್ನೂ ಇಳಿದಿರಲಿಲ್ಲ. ಅಷ್ಟರಲ್ಲಿ ಸಾಸಿವೆ ಬಣ್ಣದ ಸಿಂಹಾಸನದ ಪುಟಾಣಿ ಎರಡೂ ಕೈಯಿಂದ ಸೀಟನ್ನು ಅಪ್ಪಿ ಹಿಡಿದಳು.

"ಇದು ನಂದು. ಕೊಡಲ್ಲ."

ಡಾಕ್ಟರಮ್ಮ ಬಗ್ಗಿ ಅವಳ ಮುಖ ನೋಡಿದರು. "ನಮ್ಮ ಕ್ಲಿನಿಕ್ ಗೇಟು ಹಿಡ್ಕೊಂಡು ಒಳಗೇ ಬರದೆ ಓಡಿಹೋದೋಳು ನೀನೇ ಅಲ್ವಾ?"

"ಹೂಂ."

"ಈ ಕುರ್ಚಿ ಅಲ್ಲಿದ್ರೆ ಬರ್ತೀಯಾ?"

ಪುಟಾಣಿ ಬಹಳ ಹೊತ್ತು ಲೆಕ್ಕಾಚಾರ ಹಾಕಿದಳು. "ಇದರ ಮೇಲೆ ಬೇರೆ ಯಾರೂ ಕೂರಬಾರದು."

ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. "ಹೀಗೇ ಕಳಿಸಿಬಿಡಿ," ಎಂದರು ನನಗೆ. "ಕಮಾನೂ ಇರಲಿ. ಬೂದು ಬಣ್ಣ ನೋಡಿ ನನಗೂ ಸಾಕಾಗಿದೆ." ಹೊರಡುವಾಗ ಗುಂಡಿಯ ಕಡೆ ತಿರುಗಿ, "ಹುಟ್ಟುಹಬ್ಬ ನಿಂದಲ್ವಾ? ನಿನ್ನ ಸಿಂಹಾಸನ ಯಾವುದು?" ಎಂದು ಕೇಳಿದರು.

ಗುಂಡಿ ಗೋಂದಿನ ಕಲೆ ಹತ್ತಿದ ನನ್ನ ಸ್ಟೂಲನ್ನು ತೋರಿಸಿದಳು. "ಇದು. ನಮ್ಮಜ್ಜಿ ಇದರ ಮೇಲೆ ಕೂತೇ ಅದನ್ನೆಲ್ಲ ಮಾಡಿದ್ದು."

ನಾನು ಕೇಕಿನ ತಟ್ಟೆ ಎತ್ತಿಡುವ ನೆಪ ಮಾಡಿ ಒಳಗೆ ಹೋದೆ. ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಸೊಸೆ ನೋಡಿದಳು, ತಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡಳು.

ಸಂಜೆ ಹುಡುಗಿಯರೆಲ್ಲ ಹೋದರು. ಎರಡು ಜಡೆಯವಳು ಬೀದಿಯ ತಿರುವಿನಿಂದ ಕೂಗಿ, "ನಾಳೆ ನನ್ನ ಪಕ್ಕ ಕೂತ್ಕೋ," ಎಂದಳು. ಗುಂಡಿ ಆ ಮಾತನ್ನು ಸೊಸೆಗೆ ಒಂದು ಸಲ, ನನಗೆ ಎರಡು ಸಲ ಹೇಳಿದಳು.

ಕೆಂಪು ಮಖಮಲ್ಲಿನ ಒಂದು ತುಂಡು ಉಳಿದಿತ್ತು. ನಾನು ಸ್ಟೂಲನ್ನು ತಲೆಕೆಳಗು ಮಾಡಿ ಧೂಳು ಒರೆಸಿದೆ. ಇಷ್ಟು ವರ್ಷ ಊರಿನವರ ಕುರ್ಚಿಗೆಲ್ಲ ಬಟ್ಟೆ ತೊಡಿಸಿದ್ದೆ, ಇದಕ್ಕೆ ಒಂದು ಚಿಂದಿಯನ್ನೂ ಹಾಕಿರಲಿಲ್ಲ. ಸ್ಪಂಜು ಇಟ್ಟೆ. ಮಖಮಲ್ ಎಳೆದು ಮೂಲೆ ಮಡಿಸಿದೆ. ಗುಂಡಿ ಎದುರಿಗೆ ಕೂತು ಬಟ್ಟೆಯ ಅಂಚು ಹಿಡಿದಳು.

"ಈ ಸಲ ಕೇಳೇ ಮಾಡ್ತೀನಪ್ಪ," ಎಂದೆ. "ದಾರ ಕಟ್ಟಲೋ, ಮೊಳೆ ಹೊಡೀಲೋ?"

"ಮೊಳೆನೇ ಹೊಡಿ ಅಜ್ಜಿ. ಇದನ್ನ ಯಾರಿಗೂ ವಾಪಸ್ ಕೊಡಬೇಕಾಗಿಲ್ಲ."

ಅದಕ್ಕೆ ಹೇಳಬೇಕಾದದ್ದು ನನಗೆ ಬಹಳ ಇತ್ತು. ಆದರೆ ಅಷ್ಟರಲ್ಲಿ ಬಾಯ್ತುಂಬ ಮೊಳೆ ಹಾಕಿಕೊಂಡಾಗಿತ್ತು. "ಊಂ" ಎಂದೆ.