ಹನ್ನೊಂದನೇ ನಂಬರಿನ ಅರ್ಧ ಲೋಟ

“ಅಲ್ಲಾಡ್ಬೇಡಿ ಅಂಕಲ್, ಇನ್ನೆರಡೇ ನಿಮಿಷ.”

ತೋಳಿಗೆ ಸುತ್ತಿದ್ದ ಪಟ್ಟಿ ಗಾಳಿ ತುಂಬಿಕೊಂಡು ಬಿಗಿಹಿಡಿದಿತ್ತು. ಕಂಡಕ್ಟರು ಅಲ್ಲಾಡಲಿಲ್ಲ. ಅಲ್ಲಾಡುವ ಬಸ್ಸಿನಲ್ಲಿ ಮೂವತ್ತೆರಡು ವರ್ಷ ಅಲ್ಲಾಡದೆ ನಿಂತವರಿಗೆ ಐದು ನಿಮಿಷ ಮಲಗುವುದು ಯಾವ ಮಹಾ! ಬೆರಳುಗಳು ಜುಮ್ಮೆಂದವು. ರಕ್ತವೆಲ್ಲ ರೈಲ್ವೆ ಗೇಟಿನ ಮುಂದಿನ ಬಸ್ಸುಗಳ ಹಾಗೆ ಸಾಲುಗಟ್ಟಿ ಹಾರನ್ ಹೊಡೆಯುತ್ತಿರಬೇಕು ಅಂದುಕೊಂಡರು.

ಡಾಕ್ಟರಮ್ಮ ಗಾಳಿ ಬಿಟ್ಟರು. ಪರದೆಯ ಮೇಲೆ ಎರಡು ಬಿಳಿ ಗೆರೆಗಳ ನಡುವಿನ ಕಪ್ಪು ದಾರಿ ಮೆಲ್ಲಗೆ ಅಗಲವಾಯಿತು. ಮೆಷಿನ್ನಿನಿಂದ ಸರ್ ಸರ್ ಅಂತ ರಕ್ತ ಓಡುವ ಸದ್ದು.

“ನಿಮ್ಮ ರಕ್ತನಾಳ ನೋಡಿ! ಮೂರು ತಿಂಗಳ ಹಿಂದೆ ಇಷ್ಟು ಅಗಲ ಆಗ್ತಿರ್ಲಿಲ್ಲ.”

“ರೈಟ್, ರೈಟ್!” ಅಂದರು ಕಂಡಕ್ಟರು, ಹಳೇ ಅಭ್ಯಾಸ.

ನಿವೃತ್ತಿಯಾದ ಮೇಲೆ ಅವರ ಪಾದ ತಣ್ಣಗಾಗತೊಡಗಿತ್ತು. ಎರಡು ಬೀದಿ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಅಮೈನೋ ಆಮ್ಲದ ಪುಡಿ ನೀರಲ್ಲಿ ಕಲಸಿ ಕುಡಿದರೆ ರಕ್ತನಾಳ ಸಡಿಲವಾಗಿ ರಕ್ತ ಸಲೀಸಾಗಿ ಓಡುತ್ತದೆಯೇ ಅಂತ ನೋಡಲು ಆಸ್ಪತ್ರೆಯವರು ಜನ ಹುಡುಕುತ್ತಿದ್ದಾಗ ಮೊದಲು ಕೈ ಎತ್ತಿದವರಲ್ಲಿ ಇವರೂ ಒಬ್ಬರು. ಅರ್ಧ ಜನಕ್ಕೆ ನಿಜವಾದ ಪುಡಿ, ಅರ್ಧ ಜನಕ್ಕೆ ನೋಡಲು ಹಾಗೇ ಇರುವ ಸುಳ್ಳು ಪುಡಿ. ಯಾರಿಗೆ ಯಾವುದು ಅಂತ ಡಾಕ್ಟರಮ್ಮನಿಗೂ ಗೊತ್ತಿಲ್ಲ. ಇವರ ನಂಬರು ಹನ್ನೊಂದು.

“ಹೆಸರಲ್ಲೇ ಆಮ್ಲ ಇದೆಯಲ್ರೀ, ಹೊಟ್ಟೆ ಉರಿಯಲ್ವಾ?” ಅಂತ ಹೆಂಡತಿ ಕೇಳಿದ್ದರು.

“ಉರಿಯುತ್ತೆ. ನನಗಲ್ಲ, ನಾನು ಓಡಾಡೋದು ನೋಡಿ ಪಕ್ಕದ ಮನೆಯವರಿಗೆ.”

ಈಗ ಅವರು ಹಳೇ ಚರ್ಮದ ಚೀಲ ಬಿಚ್ಚಿ ಖಾಲಿ ಪೊಟ್ಟಣಗಳನ್ನು ಮೇಜಿನ ಮೇಲಿಟ್ಟರು. ಹತ್ತು ಹತ್ತರ ಒಂಬತ್ತು ಕಟ್ಟು, ಒಂದೊಂದಕ್ಕೂ ರಬ್ಬರ್ ಬ್ಯಾಂಡು.

ಡಾಕ್ಟರಮ್ಮ ಕುರ್ಚಿಯಿಂದಲೇ, ಬಾಗಿಲಾಚೆ ಕೂತಿದ್ದವರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದರು: “ಇವರನ್ನ ನೋಡಿ ಕಲೀರಿ! ತೊಂಬತ್ತು ದಿನದಲ್ಲಿ ಒಂದು ದಿನಾನೂ ತಪ್ಪಿಸಿಲ್ಲ.” ಆಮೇಲೆ ಇವರ ಕಡೆ ತಿರುಗಿ, “ಮುಂದಿನ ವಾರ ಡಾಕ್ಟರುಗಳ ಸಭೆ ಇದೆ ಅಂಕಲ್. ವೇದಿಕೆ ಮೇಲೆ ನಿಮ್ಮನ್ನೇ ನಿಲ್ಲಿಸ್ತೀನಿ.”

ಕಂಡಕ್ಟರ ಎದೆ ರಕ್ತನಾಳಕ್ಕಿಂತ ಅಗಲವಾಯಿತು. ಹಳೇ ಯೂನಿಫಾರ್ಮಿಗೆ ಇಸ್ತ್ರಿ ಹಾಕಿಸಬೇಕು. ಗುಂಡಿ ಹಾಕಿಕೊಳ್ಳಲು ಆಗದಿದ್ದರೆ ಉಸಿರು ಬಿಗಿಹಿಡಿದರಾಯಿತು.

“ಕೊನೇ ಪ್ರಶ್ನೆ, ಸುಮ್ನೆ ನಿಯಮಕ್ಕೆ. ಪುಡಿ ಪೂರ್ತಿ ನೀವೇ ಕುಡಿದ್ರಿ ತಾನೇ?”

‘ಪೂರ್ತಿ’ ಅನ್ನುವುದು ಅವರ ಮನೆಯಲ್ಲಿ ಯಾರೂ ಕಂಡಿಲ್ಲದ ಅಳತೆ. ಮದುವೆಯಾದಾಗಿನಿಂದ ಯಾವ ಲೋಟವೂ ಒಬ್ಬರ ಬಾಯಿಗೇ ಹೋದದ್ದಿಲ್ಲ. ಟೀ ಅರ್ಧರ್ಧ. ಕೆಮ್ಮು ಯಾರಿಗೇ ಇರಲಿ, ಔಷಧಿ ಅರ್ಧರ್ಧ. ಪುಡಿಯೂ ಹಾಗೇ, ಬೆಳಿಗ್ಗೆ ಕಲಸಿ ಅರ್ಧ ಕುಡಿದು ಲೋಟ ಆ ಕಡೆ ಚಾಚುತ್ತಿದ್ದರು. ಹೆಂಡತಿಯ ಪಾದವಂತೂ ಇವರದಕ್ಕಿಂತ ತಣ್ಣಗಿತ್ತು.

ಪೆನ್ನು ಆಗಲೇ ‘ಹೌದು’ ಅನ್ನುವ ಚೌಕದ ಮೇಲೆ ಬಂದಿತ್ತು. ಸುಮ್ಮನಿದ್ದರೆ ಮುಗಿಯಿತು. ಆದರೆ ತಪಾಸಣೆಯವರು ಇವರ ಬಸ್ಸು ಹತ್ತಿದಾಗ ಟಿಕೆಟ್ಟಿಲ್ಲದವನೊಬ್ಬನೂ ಒಮ್ಮೆಯೂ ಸಿಕ್ಕಿಬಿದ್ದಿರಲಿಲ್ಲ. ಈಗ ನೋಡಿದರೆ ಮೂರು ತಿಂಗಳಿಂದ ಒಬ್ಬಳು ಟಿಕೆಟ್ಟಿಲ್ಲದೆ ಬಂದಿದ್ದಾಳೆ. ಹತ್ತಿಸಿಕೊಂಡವರು ಸ್ವತಃ ಕಂಡಕ್ಟರೇ.

“ಹೋಲ್ಡಾನ್!” ಅಂದರು.

ಪೆನ್ನು ನಿಂತಿತು.

“ಅರ್ಧ ನಾನು ಕುಡಿದೆ ಡಾಕ್ಟ್ರಮ್ಮ. ಇನ್ನರ್ಧ ನಮ್ಮನೆಯವಳು. ದಿನಾ.”

ಡಾಕ್ಟರಮ್ಮ ಒಂಬತ್ತು ಕಟ್ಟುಗಳನ್ನೇ ನೋಡುತ್ತ ಕೂತರು. “ಹಾಗಾದ್ರೆ ನಿಮ್ಮ ಅಳತೆ ನಾನು ಸೇರಿಸೋ ಹಾಗಿಲ್ಲ. ಸಭೆಗೂ ಕರೆಯೋ ಹಾಗಿಲ್ಲ. ಎಲ್ಲರಿಗಿಂತ ಚೆನ್ನಾಗಿ ಬಂದಿತ್ತು, ಅಂಕಲ್! ನೀವು ಹೇಳ್ದೇ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ.”

“ನನಗೆ ಗೊತ್ತಿತ್ತಲ್ಲಮ್ಮ.”

ಹನ್ನೊಂದರ ಮೇಲೆ ಗೆರೆ ಬಿತ್ತು. ಕಂಡಕ್ಟರು ಚೀಲ ಹೆಗಲಿಗೆ ಹಾಕಿಕೊಂಡರು. ಮೂರು ತಿಂಗಳಲ್ಲಿ ಯಾರು ಬಂದರೂ ಹೋದರೂ ಕುರ್ಚಿ ಬಿಟ್ಟೇಳದ ಡಾಕ್ಟರಮ್ಮ ಎದ್ದು ಬಂದು ಬಾಗಿಲು ತೆರೆದು ಹಿಡಿದರು.

ಹೊರಗೆ ಬೆಂಚಿನ ಮೇಲೆ ಹೆಂಡತಿ ಕಾಯುತ್ತಿದ್ದರು. “ಏನಂದ್ರು?”

“ಅರ್ಧ ದಾರೀಲಿ ಇಳಿಸಿಬಿಟ್ರು ಕಣೇ.”

“ಅಯ್ಯೋ, ಯಾಕೆ?”

“ನಿನ್ನ ಟಿಕೆಟ್ ತಗೊಂಡಿರ್ಲಿಲ್ಲ.”

ಅರ್ಥವಾಗಲು ಆಕೆಗೆ ಒಂದು ಗಳಿಗೆ ಹಿಡಿಯಿತು. “ಲೋಟದ ವಿಷಯ ಹೇಳ್ಬಿಟ್ರಾ? ನೀವಾಗೇ?”

“ಹೂಂ.”

ಆ ಚೀಲವನ್ನು ಒರೆಸಲು ಕೂಡ ಕಂಡಕ್ಟರು ಯಾರ ಕೈಗೂ ಕೊಟ್ಟವರಲ್ಲ. ಈಗ ಹೆಂಡತಿ ಅದನ್ನು ಅವರ ಹೆಗಲಿನಿಂದ ತೆಗೆದು ತಮ್ಮ ಹೆಗಲಿಗೇರಿಸಿಕೊಂಡು, ಕೂತವರೆಲ್ಲರ ಎದುರಿಂದ ಕತ್ತು ನೆಟ್ಟಗೆ ಮಾಡಿಕೊಂಡು ಮುಂದೆ ನಡೆದರು. ಮೆಟ್ಟಿಲಲ್ಲಿ ಇಬ್ಬರೂ ಎಲ್ಲೂ ನಿಲ್ಲಲಿಲ್ಲ.

ಬಸ್ಸಿನಲ್ಲಿ ಸೀಟು ಸಿಕ್ಕಿತು. ಕಂಡಕ್ಟರು ಎರಡು ಟಿಕೆಟ್ ತೆಗೆದುಕೊಂಡು, ಅಂಚು ಸರಿಮಾಡಿ, ಬೆರಳ ಸಂದಿಗೆ ಸಿಕ್ಕಿಸಿಕೊಂಡರು. ಎರಡು ಸ್ಟಾಪು ಕಳೆದ ಮೇಲೆ ಹೆಂಡತಿ ಕಿಟಕಿಯಾಚೆ ನೋಡುತ್ತಲೇ ಚಪ್ಪಲಿ ಕಳಚಿ, ತಮ್ಮ ಪಾದವನ್ನು ಅವರ ಪಾದದ ಮೇಲಿಟ್ಟರು.

ಬೆಚ್ಚಗಿತ್ತು.

ಬಸ್ಸು ಹಳ್ಳಕ್ಕೆ ಇಳಿದು ಹತ್ತಿತು. ಕಂಡಕ್ಟರು ಅಲ್ಲಾಡಲಿಲ್ಲ.