ಜ್ವರ ಎದ್ದ ಹುಳು

ಸತ್ಯಮೂರ್ತಿಯ ಬಳಿ ಇನ್‌ಕ್ಯುಬೇಟರ್ ಇರಲಿಲ್ಲ. ದಿಬ್ಬೂರಹಳ್ಳಿಯಲ್ಲಿ ರಾತ್ರಿಯಿಡೀ ಬೆಚ್ಚಗಿರುತ್ತಿದ್ದದ್ದು ಓಬಳಮ್ಮನ ಹುಳುಮನೆ ಒಂದೇ. ಅವನು ಅವಳ ಬಾಡಿಗೆದಾರ, ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ರೇಷ್ಮೆಹುಳುಗಳ ತಟ್ಟೆಗಳ ನಡುವೆ, ಇದ್ದಿಲ ಕುಂಡದ ಪಕ್ಕದಲ್ಲಿ, ಭಾನುವಾರ ಸಂಜೆ ತನ್ನ ಗಾಜಿನ ಬುರುಡೆ ಇಟ್ಟ.

"ಅದ್ರಾಗೇನೈತೆ ಮೇಷ್ಟ್ರೇ?"

"ಹುಳಾನೇ ಅಮ್ಮ. ಬ್ಯಾಕ್ಟೀರಿಯಾ ಅಂತ. ಕಣ್ಣಿಗೆ ಕಾಣಲ್ಲ."

"ಗೂಡು ಕಟ್ತಾವಾ?"

"ಇಲ್ಲ. ತಿಂತವೆ ಅಷ್ಟೇ."

"ನಮ್ಮಳಿಯನ ಥರ ಅನ್ನು."

ಬೆಂಗಳೂರಿನ ಪ್ರೊಫೆಸರೊಬ್ಬರು ಬ್ಯಾಕ್ಟೀರಿಯಾವನ್ನೂ ಒಂದೇ ಪರೀಕ್ಷೆಗೆ ಸಾಲುವಷ್ಟು ದ್ರವವನ್ನೂ ಕೊಟ್ಟಿದ್ದರು. ಸೋಮವಾರ ಹಳದಿ ಬಣ್ಣ ತಂದು ತೋರಿಸಿದರೆ ಲ್ಯಾಬಿನ ಕೆಲಸ ಅವನದು. ಇಲ್ಲದಿದ್ದರೆ ಬೇರೆಯವರದು.

ಬುರುಡೆಯಲ್ಲಿ ಬೆಳಗಿನವರೆಗೆ ಸಾಲುವಷ್ಟು ಚಿಟಿಕೆ ಗ್ಲೂಕೋಸ್, ಮಿಕ್ಕದ್ದೆಲ್ಲ ಹಾಲಿನ ಸಕ್ಕರೆ. "ಗ್ಲೂಕೋಸ್ ಅಂದ್ರೆ ಇವಕ್ಕೆ ಪ್ರಾಣ," ಅಂದ. "ಅದು ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತಿರ್ತವೆ."

"ಜ್ವರಕ್ಕೆ ಕೂತಂಗೆ."

ರೇಷ್ಮೆಹುಳು ಸೊಪ್ಪು ಬಿಟ್ಟು ಪೊರೆ ಕಳಚಲು ಕೂರುವುದನ್ನು ಆ ಕಡೆ ಜ್ವರ ಅನ್ನುತ್ತಾರೆ; ಕಳಚಿ ಮತ್ತೆ ಮೇವಿಗೆ ಬಂದರೆ ಜ್ವರ ಎದ್ದಿತು ಅನ್ನುತ್ತಾರೆ. ಸತ್ಯಮೂರ್ತಿ ನಕ್ಕ. "ಹೂಂ, ಜ್ವರಾನೇ."

ಮುಂದಿನದು ಹೇಳಲಿಲ್ಲ. ಹಾಲಿನ ಸಕ್ಕರೆಯನ್ನು ತುಂಡರಿಸುವ ಕಿಣ್ವದ ಜೀನು ಡಿಎನ್‌ಎ ಮೇಲಿದೆ. ಅದರ ಬಾಗಿಲಲ್ಲೇ ಒಂದು ಅಡ್ಡಗಾವಲು ಕೂತಿರುತ್ತದೆ. ಅದು ಪ್ರೋಟೀನು ಎಂದು ಗಟ್ಟಿಯಾದದ್ದು ಹಿಂದಿನ ವರ್ಷ, ಅರವತ್ತಾರರಲ್ಲಿ. ಹಾಲಿನ ಸಕ್ಕರೆ ಬಂದರೆ ಅದು ಏಳುತ್ತದೆ. ಆದರೂ ಗ್ಲೂಕೋಸ್ ಇರುವವರೆಗೆ ಜೀನು ಸರಿಯಾಗಿ ಕೆಲಸಕ್ಕಿಳಿಯುವುದಿಲ್ಲ. ಪ್ರೊಫೆಸರು ಕೊಟ್ಟ ದ್ರವ ಹಳದಿಯಾಗುವುದು ಆ ಕಿಣ್ವ ತಾಕಿದರೆ ಮಾತ್ರ. ಕಿಣ್ವವಿಲ್ಲದೆ ಹಳದಿಯಿಲ್ಲ.

ಬೆಳಗ್ಗೆ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಹುಳುಮನೆಗೆ ಹೋದ, ಬಂದ, ಮತ್ತೆ ಹೋದ. ಪ್ರತಿ ಸಲವೂ ಓಬಳಮ್ಮ ಕಾಲು ತೊಳೆಸಿದಳು. "ಬೀದಿ ಧೂಳು ತರಬ್ಯಾಡಪ್ಪ. ಒಂದು ಕಡೆ ಕುಂತ್ಕೋ, ನೀನೇನು ಬಾಣಂತಿ ಗಂಡನಾ?" ಅವನು ಬಸ್ಸು ವಿಚಾರಿಸಲು ಬಸ್‌ಸ್ಟ್ಯಾಂಡಿಗೆ ಹೋದ. ಒಂಬತ್ತಕ್ಕೆ ಅಂದರು. ಅಲ್ಲೂ ನಿಲ್ಲಲಾಗದೆ ವಾಪಸು ಬಂದು, ಕೊಳವೆಗೆ ಒಂದಿಷ್ಟು ಬಗ್ಗಡ ತೆಗೆದು ದ್ರವವನ್ನೆಲ್ಲ ಸುರಿದ. ಕಾದ. ಬೆಳಕಿಗೆ ಹಿಡಿದ. ಹಳದಿ ಬರಲಿಲ್ಲ.

"ಯಾರಾದ್ರೂ ಇದನ್ನ ಮುಟ್ಟಿದ್ರಾ?"

ಓಬಳಮ್ಮ ಸೊಪ್ಪು ಹಾಕುತ್ತಿದ್ದವಳು ತಿರುಗಿದಳು. "ನಾನೇ. ನೀನು ಬಸ್ಸು ಕೇಳಕ್ಕೆ ಹೋದಾಗ ನಮ್ಮವು ಜ್ವರ ಎದ್ದವು ನಾಯನಾ. ನಿನ್ನವೂ ಎದ್ದಿರ್ತಾವೆ ಅಂತ ಮೇವು ಹಾಕ್ದೆ. ಎದ್ದ ಹುಳಾನ ಉಪವಾಸ ಕೆಡವಬಾರ್ದು."

"ಏನು ಹಾಕಿದ್ರಿ?"

"ಗ್ಲೂಕೋಸು, ಎರಡು ಚಮಚ. ಅದಂದ್ರೆ ಪ್ರಾಣ ಅಂದ್ಯಲ್ಲ. ಮೊಮ್ಮಗೂಗೆ ತಂದಿದ್ದಿತ್ತು."

ಅಷ್ಟು ಗ್ಲೂಕೋಸ್ ಮುಗಿಯುವವರೆಗೆ ಕಾಯಬಹುದಿತ್ತು. ಆದರೆ ದ್ರವ ಉಳಿದಿರಲಿಲ್ಲ. ಬೀದಿಯಲ್ಲಿ ಬಸ್ಸು ಹಾರನ್ ಹೊಡೆಯಿತು. ಅವನು ಬಾಗಿಲವರೆಗೆ ಹೋಗಿ ನಿಂತ. ಬಸ್ಸು ಹೋಯಿತು.

"ಯಾಕೆ, ಸತ್ತೋದ್ವಾ?" ಓಬಳಮ್ಮ ಕೇಳಿದಳು.

"ಇಲ್ಲ. ಚೆನ್ನಾಗಿವೆ."

ಹುಳುಗಳು ಸರಸರ ಸೊಪ್ಪು ತಿನ್ನುತ್ತಿದ್ದವು. ಒಂದೂ ಸತ್ತಿರಲಿಲ್ಲ. ಹೋದದ್ದು ಒಂದು ಸೀಸೆ ದ್ರವ, ಎರಡು ಚಮಚ ಗ್ಲೂಕೋಸ್, ಒಂದು ಕೆಲಸ.