ಬರಾತಿಗೆ ಹೊರಟ ಕೆಂಪು ಕಾರು

ಆ ಹಾಳು ದೀಪ ಕಾರಿನ ಯಜಮಾನನಿಗೆ ಕಾಣುತ್ತಿತ್ತು, ಮೆಕ್ಯಾನಿಕ್ ತೌಹೀದನಿಗೆ ಮಾತ್ರ ಕಾಣುತ್ತಿರಲಿಲ್ಲ. ಶಹಾಬಾದಿನ ಫರ್ಸಿಕಲ್ಲಿನ ವ್ಯಾಪಾರಿ ರಮೇಶಕುಮಾರ ಹೈದರಾಬಾದಿನಿಂದ ತಂದ ಕೆಂಪು ಕಾರು ಅದು. ರೇಸಿಗೆಂದೇ ಹುಟ್ಟಿದಂಥ ಇಂಜಿನ್ನು. ಒಮ್ಮೊಮ್ಮೆ ಮೀಟರಿನಲ್ಲಿ ಆಯಿಲಿನ ಕೆಂಪು ದೀಪ ಹತ್ತುತ್ತದೆ, ಆಮೇಲೆ ತಾನೇ ಆರುತ್ತದೆ ಎಂದು ಅವನು ಗ್ಯಾರೇಜಿಗೆ ತಂದು ನಿಲ್ಲಿಸುತ್ತಿದ್ದ. ತೌಹೀದ ಸೆನ್ಸರ್ ಬದಲಿಸಿದ, ವೈರು ಬದಲಿಸಿದ, ಆಯಿಲು, ಫಿಲ್ಟರು ಎಲ್ಲ ಹೊಸದು ಹಾಕಿದ. ವಾಡಿ, ಚಿತ್ತಾಪುರ ದಾಟಿ ಸೇಡಂವರೆಗೂ ಜೋರಾಗಿ ಓಡಿಸಿ ನೋಡಿದ. ದೀಪ ಹತ್ತಿದ್ದರೆ ಕೇಳಿ! ಗ್ಯಾರೇಜು ಬಿಟ್ಟು ವಾರ ಕಳೆಯುವುದರೊಳಗೆ ಮತ್ತೆ ಅದೇ ರಾಮಾಯಣ.

"ಯಾವಾಗ ಹತ್ತತದರಿ ಸಾವ್ಕಾರ್ರೇ?"

"ಓಡ್ಸೋವಾಗ ಹತ್ತತದ, ಮತ್ತ್ಯಾವಾಗ? ವಯಸ್ಸಾತು ನಿಂಗ. ಕಣ್ಣು ಕಾಣವಲ್ಲವು."

ತೌಹೀದನಿಗೆ ಸಾಕುಸಾಕಾಗಿತ್ತು. ಈಗೀಗ ಗಾಡಿಯ ಕೆಳಗೆ ನುಸುಳಿದರೆ ಮೇಲೆದ್ದು ಬರುವುದೇ ಒಂದು ದೊಡ್ಡ ಕೆಲಸ. ಅದರ ಮೇಲೆ ಮಗಳು ಸಾಯಿರಾಳ ಲಗ್ನ ಬೇರೆ. ಮದುಮಗನ ಬರಾತಿನ ಮೆರವಣಿಗೆ ಆ ಕೆಂಪು ಕಾರಿನಲ್ಲೇ ಬರಬೇಕೆಂದು ಚಿಂಚೋಳಿಯ ಬೀಗರ ಆಸೆ. ಕೇಳಿದ್ದೇ ತಡ ರಮೇಶಕುಮಾರ ಒಪ್ಪಿಬಿಟ್ಟ. "ನಾನೇ ಓಡಸ್ತೀನಿ. ಸಾಯಿರಾ ನನ್ನ ಮಗಳಿದ್ದಂಗ," ಅಂದ. ಬೀಗ ಗನಿಸಾಬರು ಮಾತ್ರ ನಕ್ಕಿದ್ದರು: "ಮಿಸ್ತ್ರಿ ಮನಿ ಲಗ್ನದಾಗ ಗಾಡಿ ಬಂದ್ ಬಿದ್ದೀತು, ನೋಡ್ರಿ ಮತ್ತ."

ತಮಾಷೆಯೇ ಇರಬಹುದು, ಆದರೆ ತೌಹೀದನ ಎದೆಗೆ ನಾಟಿತು. ಬೀಗರೆದುರು ಆ ಕಾರು ಕೆಟ್ಟು ನಿಂತರೆ ತಾನು ಮುಖ ಎಲ್ಲಿಟ್ಟುಕೊಳ್ಳಬೇಕು?

ಲಗ್ನದ ದಿನ ಮಧ್ಯಾಹ್ನ ಅವನು ಶಾದಿಮಹಲಿನ ಬಾಗಿಲಲ್ಲೇ ನಿಂತಿದ್ದ. ಬ್ಯಾಂಡು ಕೇಳುತ್ತಿತ್ತು, ಬರಾತು ಬರುತ್ತಿರಲಿಲ್ಲ. ತಡೆಯಲಾರದೆ ಕಾಲೆಳೆಯುತ್ತ ತಾನೇ ಎದುರು ಹೋದ. ಬಿರುಬಿಸಿಲಿನಲ್ಲಿ ಹುಡುಗರು ಕುಣಿಯುತ್ತಿದ್ದರು. ಹಿಂದೆ ಕಾರು ಕಿಟಕಿ ಏರಿಸಿಕೊಂಡು, ಎ.ಸಿ. ಹಾಕಿಕೊಂಡು ಇರುವೆಯಂತೆ ತೆವಳುತ್ತಿತ್ತು. ಒಳಗೆ ಹಿಂದಿನ ಸೀಟಿನಲ್ಲಿ ಮದುಮಗ; ಸ್ಟೇರಿಂಗ್ ಹಿಡಿದ ರಮೇಶಕುಮಾರನ ಹಣೆಯ ತುಂಬ ಬೆವರು. ಎ.ಸಿ.ಯಲ್ಲಿ ಕೂತವನಿಗೆ ಇದೇನು ಬೆವರು? ತೌಹೀದ ಬಗ್ಗಿ ನೋಡಿದ. ಕೆಂಪು ದೀಪ ಹತ್ತಿತ್ತು.

ಕಿಟಕಿ ಇಳಿಯಿತು. "ಸುಮ್ಕಿರು, ನಿಮ್ಮ ಬೀಗರಿಗೆ ಕೇಳಸ್ತದ," ಎಂದು ರಮೇಶಕುಮಾರ ಪಿಸುಗುಟ್ಟಿದ. "ಇಂಜಿನ್ ಹೋದ್ರ ಹೋಗ್ಲಿ, ನಿನ್ನ ಮರ್ಯಾದಿ ಹೋಗಬಾರದು."

"ಇದಕ್ಕ ಮೊದ್ಲ ಯಾವಾಗ ಹತ್ತಿತ್ತು? ಖರೇ ಹೇಳ್ರಿ."

ರಮೇಶಕುಮಾರ ತಲೆ ತಗ್ಗಿಸಿದ. "ಬರೇ ಮೆರವಣಿಗ್ಯಾಗ. ಮಂದಿ ಲಗ್ನಕ್ಕ ಕೇಳ್ತಾರ, ಒಯ್ತೀನಿ. ಜೋರ ಓಡ್ಸಾಕ ನಂಗ ಅಂಜಿಕಿ ಬರತದಪ್ಪ. ಇಂಥಾ ಗಾಡಿ ತೊಗೊಂಡು ಅದನ್ನ ಹ್ಯಾಂಗ ಹೇಳ್ಲಿ?"

ಯಾ ಅಲ್ಲಾ! ತಾನು ಅದನ್ನು ದೆವ್ವ ಬೆನ್ನಟ್ಟಿದಂತೆ ಓಡಿಸಿ ನೋಡಿದ್ದೇನು, ಅದಕ್ಕೆ ರೋಗ ಬರುತ್ತಿದ್ದದ್ದು ತೆವಳುವಾಗ! ಕಾದ ಇಂಜಿನ್ನಿನಲ್ಲಿ ಆಯಿಲು ತೆಳ್ಳಗಾಗಿ ಒತ್ತಡ ಇಳಿಯುತ್ತಿತ್ತು. ಜೋರಾಗಿ ಓಡಿಸಿದ ಕೂಡಲೇ ಒತ್ತಡ ಏರಿ ದೀಪ ಆರುತ್ತಿತ್ತು. ಮೊದಲೇ ಒಂದು ಮಾತು ಹೇಳಿದ್ದರೆ ತನ್ನ ಮೊಣಕಾಲುಗಳಾದರೂ ಉಳಿಯುತ್ತಿದ್ದವು. ಬೈಯಬೇಕೆನಿಸಿತು, ಆದರೆ ಆ ಬೆವರು ನೋಡಿ ಸಿಟ್ಟು ಇಳಿಯಿತು. ಇನ್ನು ಸ್ವಲ್ಪ ಹೊತ್ತು ಹೀಗೇ ಬಿಟ್ಟರೆ ಇಂಜಿನ್ನು ಮುಗಿದಂತೆಯೇ.

ತೌಹೀದ ಕೈ ಒಳಗೆ ಹಾಕಿ ಇಂಜಿನ್ ಆರಿಸಿದ. ಬ್ಯಾಂಡು ನಿಂತಿತು. ಗನಿಸಾಬರು ಬಂದೇಬಿಟ್ಟರು.

"ಬಂದ್ ಬಿತ್ತೇನ್ರಿ ಮಿಸ್ತ್ರಿ?"

"ಬಿದ್ದಿಲ್ಲರಿ, ನಾನೇ ಬಂದ್ ಮಾಡೀನಿ. ಈ ಸಾವ್ಕಾರ್ರು ನನ್ನ ಮರ್ಯಾದಿ ಉಳಸಾಕ ತಮ್ಮ ಇಂಜಿನ್ ಸುಡಾಕತ್ತಿದ್ರು. ಅಂಥಾ ಮರ್ಯಾದಿ ನಂಗ ಬ್ಯಾಡ್ರಿ." ಹಾಗೆಂದು ಕಾರಿನ ಹಿಂದೆ ಹೋಗಿ, ಹೊಸ ಶೇರವಾನಿಯ ಭುಜವನ್ನೇ ಡಿಕ್ಕಿಗೆ ಆನಿಸಿ ನೂಕಲು ನಿಂತ. "ನ್ಯೂಟ್ರಲ್ ಮಾಡ್ರಿ!"

ಗನಿಸಾಬರು ಅಂಗಿಯ ತೋಳು ಏರಿಸಿದರು. ಅವನ ಪಕ್ಕದಲ್ಲಿ ಬಂದು ನಿಂತರು. ಕುಣಿಯುತ್ತಿದ್ದ ಹುಡುಗರೂ ಕೈ ಹಚ್ಚಿದರು. ಕಾರು ಮಿಸುಕಿತು.

"ಕಣ್ಣು ಕಾಣವಲ್ಲವು ಅಂದಿದ್ದೆ, ಮಾಫ್ ಮಾಡು ತೌಹೀದ್ ಭಾಯಿ," ಮುಂದಿನಿಂದ ರಮೇಶಕುಮಾರನ ಒಡೆದ ದನಿ ಬಂತು.

"ಮುಂದ ನೋಡ್ರಿ ಸಾವ್ಕಾರ್ರೇ," ತೌಹೀದ ಏದುಸಿರು ಬಿಡುತ್ತ ಕೂಗಿದ. "ಹಿಂಗ ಅಳಕೋತ ಸ್ಟೇರಿಂಗ್ ಹಿಡದ್ರ ನನ್ನ ಅಳಿಯನ್ನ ಗಟಾರಕ್ಕ ಹಾಕ್ತೀರಿ."